ಒಳಗಿನ ಗಡಿಯಾರಕ್ಕೆ ಊರು ಬೇಡ

ಕಂಪ್ಯೂಟರಿಗೆ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ನಡುವೆ ಒಂದು ಪರದೆ ಬರುತ್ತದೆ. ಪ್ರಪಂಚದ ನಕ್ಷೆ, ಇಲ್ಲವೇ ಊರುಗಳ ಉದ್ದನೆಯ ಪಟ್ಟಿ. ನೀವು ಎಲ್ಲಿದ್ದೀರಿ ಎಂದು ಅದು ಕೇಳುತ್ತದೆ. ಲಿನಕ್ಸ್ ಆದರೆ ‘ಏಷ್ಯಾ/ಕೋಲ್ಕತಾ’ ಎಂದು ಒತ್ತುತ್ತೇವೆ. ವಿಂಡೋಸ್ ಆದರೆ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದು ನಾಲ್ಕು ಊರು ಒಟ್ಟಿಗೆ ಬರೆದ ಸಾಲನ್ನು ಆರಿಸುತ್ತೇವೆ. ಕೆಲವು ಲಿನಕ್ಸ್‌ಗಳಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಇರುತ್ತದೆ: ಯಂತ್ರದೊಳಗಿನ ಗಡಿಯಾರ ಯುಟಿಸಿಯಲ್ಲಿ ಇದೆಯೇ? ಹಳೆಯ ಫೆಡೋರಾ, ರೆಡ್ ಹ್ಯಾಟ್‌ಗಳಲ್ಲಿ ಪರದೆಯ ಕೆಳಗೆ ಒಂದು ಚಿಕ್ಕ ಚೌಕ ಇರುತ್ತಿತ್ತು, ಟಿಕ್ ಹಾಕಬೇಕಿತ್ತು. ಈ ಎರಡನೆಯ ಪ್ರಶ್ನೆಗೆ ಯೋಚಿಸಿ ಉತ್ತರ ಕೊಟ್ಟ ಒಬ್ಬರನ್ನೂ ನಾನು ಸಾಹಿತ್ಯ ವಿಭಾಗಗಳಲ್ಲಿ ನೋಡಿಲ್ಲ.

ಅದು ಲ್ಯಾಬಿನವರ ಕೆಲಸ, ನಮ್ಮದಲ್ಲ ಎನ್ನುವುದು ನಮ್ಮಲ್ಲಿನ ಸಾಮಾನ್ಯ ನಿಲುವು. ನನ್ನ ತಕರಾರು ಇರುವುದು ಈ ನಿಲುವಿನ ಜೊತೆಗೆ. ಗ್ರಂಥಸಂಪಾದನೆ, ಹಸ್ತಪ್ರತಿ, ಪಾಠಾಂತರ ಎಂದು ಮಾತಾಡುವವರು ಈ ಪ್ರಶ್ನೆಗೆ ಉತ್ತರ ತಿಳಿದಿರಲೇಬೇಕು. ಉತ್ತರವೂ ಒಂದೇ: ಹೌದು, ಒಳಗಿನ ಗಡಿಯಾರ ಯುಟಿಸಿಯಲ್ಲೇ ಇರಬೇಕು. ಊರು ಯಾವುದೆಂಬುದು ಬೇರೆ ಕಡೆ, ಬೇರೆಯಾಗಿ ಬರೆದಿರಬೇಕು. ಇವೆರಡನ್ನೂ ಬೆರೆಸಿ ಒಳಗಿನ ಗಡಿಯಾರದಲ್ಲೇ ಊರಿನ ಸಮಯ ತುಂಬುವ ಅಭ್ಯಾಸ ನಮ್ಮ ಕಾಲದ ಬರವಣಿಗೆಯ ಸಾಕ್ಷಿಯನ್ನು ಸದ್ದಿಲ್ಲದೆ ಕೆಡಿಸುತ್ತಿದೆ.

ಯುಟಿಸಿ ಎಂದರೆ ಜಗತ್ತು ಒಪ್ಪಿಕೊಂಡಿರುವ ಮೂಲ ಕಾಲಮಾನ. ಹಿಂದಿನ ಗ್ರೀನಿಚ್ ಸಮಯದ ಉತ್ತರಾಧಿಕಾರಿ. ನಮ್ಮ ಭಾರತೀಯ ಕಾಲಮಾನ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಒಳಗಿನ ಗಡಿಯಾರ ಎಂದರೆ ಕಂಪ್ಯೂಟರ್ ಆಫ್ ಆದ ಮೇಲೂ ನಡೆಯುತ್ತಲೇ ಇರುವ ಗಡಿಯಾರ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದಲ್ಲ, ಸಾಮಾನ್ಯವಾಗಿ ಸಿಆರ್2032, ಅದರ 3 ವೋಲ್ಟ್ ಸಾಲುವುದು ಇದಕ್ಕೇ. ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಸ್ಫಟಿಕ ಇದನ್ನು ನಡೆಸುತ್ತದೆ. 1984ರಲ್ಲಿ ಐಬಿಎಂ ತನ್ನ ಪಿಸಿ ಎಟಿ ಯಂತ್ರದಲ್ಲಿ ಮೊಟೊರೋಲಾದ ಎಂಸಿ146818 ಎಂಬ ಚಿಪ್ಪನ್ನು ಇದಕ್ಕಾಗಿ ಕೂರಿಸಿತು. ಅದರಲ್ಲಿ ಸೆಕೆಂಡಿಗೆ ಒಂದು ಮನೆ, ನಿಮಿಷಕ್ಕೆ ಒಂದು, ಗಂಟೆಗೆ ಒಂದು, ವಾರಕ್ಕೆ, ತಾರೀಖಿಗೆ, ತಿಂಗಳಿಗೆ, ವರ್ಷಕ್ಕೆ ಒಂದೊಂದು. ವರ್ಷಕ್ಕೆ ಎರಡೇ ಅಂಕಿ. ಇದು ಯಾವ ಊರಿನ ಹೊತ್ತು ಎಂದು ಬರೆಯಲು ಮನೆಯೇ ಇರಲಿಲ್ಲ. ಈಗ ಆ ಚಿಪ್ಪು ಬೇರೆ ಚಿಪ್ಪಿನೊಳಗೆ ಕರಗಿಹೋಗಿದೆ, ಆದರೆ ಮನೆಗಳ ಜೋಡಣೆ ಹಾಗೇ ಉಳಿದಿದೆ.

ಈ ಖಾಲಿತನವನ್ನು ಎರಡು ಪರಂಪರೆಗಳು ಎರಡು ರೀತಿ ತುಂಬಿಕೊಂಡವು. ಡಾಸ್ ಬಳಸುವವನು ತನ್ನ ಕೈಗಡಿಯಾರ ನೋಡಿ ಸಮಯ ಟೈಪ್ ಮಾಡುತ್ತಿದ್ದ. ಅದೇ ವಿಂಡೋಸ್‌ಗೆ ಬಂತು, ಊರಿನ ಸಮಯವೇ ಚಿಪ್ಪಿನ ಸಮಯವಾಯಿತು. ಯುನಿಕ್ಸ್ ಬಳಗ 1970ರ ಜನವರಿ 1ರಿಂದ ಯುಟಿಸಿಯಲ್ಲಿ ಸೆಕೆಂಡು ಎಣಿಸುವ ಮನೆತನದ್ದು. ಅದರ ವಂಶದ ಲಿನಕ್ಸ್ ಚಿಪ್ಪಿನಲ್ಲೂ ಯುಟಿಸಿಯನ್ನೇ ಇಡಲು ಬಯಸುತ್ತದೆ. ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2004ರಲ್ಲಿ ತಮ್ಮ ಕಡೆಯ ಕಾರಣಗಳನ್ನು ವಿವರಿಸಿದ್ದರು. ವಿಂಡೋಸ್ 95ರ ಜೊತೆಗೆ ಅದೇ ಯಂತ್ರದಲ್ಲಿ ಹಳೆಯ ವಿಂಡೋಸ್ ಇಟ್ಟುಕೊಂಡವರಿಗೆ ತೊಂದರೆ ಆಗಬಾರದು, ಬಯಾಸ್‌ನೊಳಗೆ ಹೋಗಿ ಸಮಯ ನೋಡುವವರು ಗಾಬರಿಯಾಗಬಾರದು. ಆ ಕಾಲಕ್ಕೆ ಒಪ್ಪುವ ಮಾತು. ಹಳೆಯ ವಿಂಡೋಸ್ ಇಟ್ಟುಕೊಂಡವರು ಈಗ ಎಲ್ಲಿದ್ದಾರೆ? ಅತಿಥಿ ಎದ್ದು ಹೋಗಿ ಎಷ್ಟೋ ವರ್ಷವಾಯಿತು, ಎಲೆ ಮಾತ್ರ ಹಾಕಿಯೇ ಇದೆ.

ಈಗ ಒಂದೇ ಯಂತ್ರದಲ್ಲಿ ಎರಡೂ ಇವೆ ಎಂದುಕೊಳ್ಳಿ. ರಾತ್ರಿ 10ಕ್ಕೆ ಮೊದಲನೆಯ ವ್ಯವಸ್ಥೆ ಚಿಪ್ಪಿನಲ್ಲಿ 10 ಎಂದು ಬರೆದಿಡುತ್ತದೆ. ಎರಡನೆಯದು ಅದನ್ನು ಓದಿ, ಇದು ಯುಟಿಸಿ ಎಂದು ತಿಳಿದು, ಐದೂವರೆ ಗಂಟೆ ಸೇರಿಸಿ ಮಾರನೆಯ ದಿನ ಬೆಳಗಿನ ಜಾವ 3.30 ಎಂದು ತೋರಿಸುತ್ತದೆ. ಕೂತವರು ‘ಅಯ್ಯೋ ಟೈಮ್ ತಪ್ಪಿದೆ’ ಎಂದು ಕೈಯಿಂದ 10 ಮಾಡುತ್ತಾರೆ. ಅದು ಚಿಪ್ಪಿಗೆ 4.30 ಎಂದು ಬರೆಯುತ್ತದೆ. ಮತ್ತೆ ಮೊದಲನೆಯದಕ್ಕೆ ಬಂದರೆ ಸಂಜೆ ನಾಲ್ಕೂವರೆ! ಇಂಟರ್ನೆಟ್ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಹೋಗುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಉಳಿಸಿದ ಕಡತಗಳ ಮೇಲಿನ ಮುದ್ರೆ ಸರಿಹೋಗುವುದಿಲ್ಲ. ಇಂಟರ್ನೆಟ್ ಇಲ್ಲದ ಮನೆಗಳಲ್ಲಿ ಈ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆದಿದೆ. (ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ ನಮ್ಮಲ್ಲಿಲ್ಲ, ಪುಣ್ಯ. ಅದಿರುವ ದೇಶಗಳಲ್ಲಿ ಎರಡು ವ್ಯವಸ್ಥೆಗಳೂ ಒಂದೊಂದು ಗಂಟೆ ತಿದ್ದಿ ಒಟ್ಟು ಎರಡು ಗಂಟೆ ತಪ್ಪಿಸುವುದುಂಟು.)

ಶಾಸನ ಓದುವವರಿಗೆ ಈ ಕಷ್ಟ ಹೊಸದಲ್ಲ. ಕಲ್ಲಿನ ಮೇಲೆ ಶಕವರ್ಷ 1000 ಎಂದು ಇದೆ ಎನ್ನಿ. ಅದು ಗತವರ್ಷವೋ ವರ್ತಮಾನವರ್ಷವೋ? ಮುಗಿದ ಸಾವಿರ ಎಂದಾದರೆ ಕ್ರಿ.ಶ. 1078-79, ನಡೆಯುತ್ತಿರುವ ಸಾವಿರ ಎಂದಾದರೆ 1077-78. ಅಂಕಿ ಅದೇ, ಎಣಿಕೆಯ ರೂಢಿ ಬೇರೆ, ಅರ್ಥದಲ್ಲಿ ಒಂದು ವರ್ಷದ ಅಂತರ. ಫ್ಲೀಟ್, ಕೀಲ್‌ಹಾರ್ನ್ ಅವರಂಥವರು ಇದರ ಮೇಲೆ ಪುಟಗಟ್ಟಲೆ ಬರೆದರು. ಸೂಯೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ 1896ರಲ್ಲಿ ಕೋಷ್ಟಕ ತಯಾರಿಸಿದರು, ಆಮೇಲೆ ಸ್ವಾಮಿಕಣ್ಣು ಪಿಳ್ಳೆಯವರು ದಿನದಿನದ ಲೆಕ್ಕ ಕೊಟ್ಟರು. ಈ ಕೋಷ್ಟಕಗಳು ಕೆಲಸಕ್ಕೆ ಬರುವುದಾದರೂ ಹೇಗೆ? ಶಾಸನ ಬರೆಸಿದವನು ಅಂಕಿಯೊಂದನ್ನೇ ನಂಬಿ ಕೂರಲಿಲ್ಲ. ಸಂವತ್ಸರದ ಹೆಸರು ಹೇಳಿದ, ಮಾಸ ಹೇಳಿದ, ಶುದ್ಧವೋ ಬಹುಳವೋ ಹೇಳಿದ, ತಿಥಿ ಹೇಳಿದ, ವಾರ ಹೇಳಿದ. ಸಂಕ್ರಮಣವಿದ್ದರೆ, ಗ್ರಹಣವಿದ್ದರೆ ಅದನ್ನೂ ಸೇರಿಸಿದ. ಯಾವ ಎಣಿಕೆ ಎನ್ನುವುದನ್ನೂ ಅನೇಕ ಸಲ ಹೆಸರಿಟ್ಟೇ ಹೇಳಿದ: ಆರನೆಯ ವಿಕ್ರಮಾದಿತ್ಯ 1076ರಲ್ಲಿ ಹೊಸ ಎಣಿಕೆ ಶುರುಮಾಡಿದ ಮೇಲೆ ಅವನ ಶಾಸನಗಳು ಅದನ್ನು ಚಾಳುಕ್ಯ ವಿಕ್ರಮವರ್ಷ ಎಂದು ಗುರುತಿಸುತ್ತವೆ. ಇವನ್ನೆಲ್ಲ ತಾಳೆ ಹಾಕಿ ನೋಡಿದಾಗ ಗತವೋ ವರ್ತಮಾನವೋ ಎಷ್ಟೋ ಸಲ ಇತ್ಯರ್ಥವಾಗುತ್ತದೆ. ಶಾಸನಗಳಲ್ಲಿ ತಾಳೆಯಾಗದ ತಿಥಿಗಳು ಬೇಕಾದಷ್ಟಿವೆ, ನಿಜ. ಆದರೆ ಅದು ತಾಳೆಯಾಗುತ್ತಿಲ್ಲ ಎಂದು ನಮಗೆ ಗೊತ್ತಾಗುತ್ತಿರುವುದೇ ಅವನು ನಾಲ್ಕಾರು ಕಡೆಯಿಂದ ಸಾಕ್ಷಿ ಬಿಟ್ಟುಹೋದ್ದರಿಂದ.

ಆ ಹಳ್ಳಿಯ ಕಲ್ಲುಕುಟಿಗನಿಗಿದ್ದ ಎಚ್ಚರ ನಮ್ಮ ಯಂತ್ರದ ಚಿಪ್ಪಿಗಿಲ್ಲ. ಅದು ಅಂಕಿ ಬರೆಯುತ್ತದೆ, ಎಣಿಕೆಯ ರೂಢಿ ಹೇಳುವುದಿಲ್ಲ. ತಮಾಷೆ ಎಂದರೆ, ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಎಂಬ ಹೊಸ ಕಟ್ಟುಪಾಡಿನಲ್ಲಿ ಕಾಲವಲಯಕ್ಕೆಂದೇ ಒಂದು ಮನೆ ಮಾಡಿದ್ದಾರೆ. ಮಾಡಿ, ‘ಗೊತ್ತಿಲ್ಲ’ ಎಂದು ಹೇಳಲು ಅಲ್ಲೇ ಒಂದು ಅಂಕಿಯನ್ನೂ ಕೊಟ್ಟಿದ್ದಾರೆ: 2047.

ಐದೂವರೆ ಗಂಟೆಗೆ ಇಷ್ಟೊಂದು ಗಲಾಟೆಯೇ, ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದೀಯ ಎಂದು ಗೆಳೆಯರು ಕೇಳುತ್ತಾರೆ. ಅವರಿಗೆ ನನ್ನ ಮೇಜಿನ ಮೇಲಿರುವ ಒಂದು ಸಂಗತಿ ಹೇಳುತ್ತೇನೆ. ನನ್ನ ಸಂಶೋಧನೆಯ ಒಂದು ಅಧ್ಯಾಯ ಈಗ ನಮ್ಮೊಡನಿಲ್ಲದ ಒಬ್ಬ ಕಥೆಗಾರರ ಕರಡುಗಳ ಬಗ್ಗೆ. ಕೊನೆಯ ವರ್ಷಗಳಲ್ಲಿ ಅವರು ಕಂಪ್ಯೂಟರಿನಲ್ಲೇ ಬರೆಯುತ್ತಿದ್ದರು. ಮನೆಯವರು ದೊಡ್ಡ ಮನಸ್ಸು ಮಾಡಿ ಹಾರ್ಡ್‌ಡಿಸ್ಕನ್ನೂ ಒಂದು ಪೆನ್‌ಡ್ರೈವನ್ನೂ ಕೊಟ್ಟರು. ಪ್ರಕಟವಾಗದ ಒಂದು ಕಥೆ ಎರಡು ರೂಪದಲ್ಲಿ ಸಿಕ್ಕಿತು. ಒಂದರ ಕೊನೆಯಲ್ಲಿ ತಾಯಿ ಬಾಗಿಲು ಹಾಕಿ ಅಗುಳಿ ಎಳೆಯುತ್ತಾಳೆ. ಇನ್ನೊಂದರಲ್ಲಿ ಬಾಗಿಲು ತೆರೆದೇ ಇದೆ, ಅವಳು ಒಳಗೆ ದೀಪ ಹಚ್ಚಲು ಹೋಗುತ್ತಾಳೆ. ಡಿಸ್ಕಿನಲ್ಲಿರುವ ಮೊದಲನೆಯದರ ಮೇಲಿನ ಸಮಯ 14ನೇ ತಾರೀಖು ರಾತ್ರಿ 10.50. ಪೆನ್‌ಡ್ರೈವಿನಲ್ಲಿರುವ ಎರಡನೆಯದರ ಮೇಲೆ 15ರ ನಸುಕು 1.40.

ಹಾಗಿದ್ದರೆ ತೆರೆದ ಬಾಗಿಲೇ ಕೊನೆಯ ಪಾಠ, ಮುಗಿಯಿತಲ್ಲ? ಇಲ್ಲ. ಆ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇದ್ದವು. ಅಂಗಡಿಯವರು ಹಾಕಿಕೊಟ್ಟದ್ದು, ಎರಡಕ್ಕೂ ಗಡಿಯಾರದ ಬಗ್ಗೆ ಒಪ್ಪಂದ ಮಾಡಿಸಿರಲಿಲ್ಲ. ಎರಡನೆಯ ಕರಡನ್ನು ಉಳಿಸುವಾಗ ಗಡಿಯಾರ ಐದೂವರೆ ಗಂಟೆ ಮುಂದಿತ್ತು ಎಂದಾದರೆ ಅದರ ನಿಜವಾದ ಹೊತ್ತು 14ರ ರಾತ್ರಿ 8.10. ಆಗ ಅದು ಮೊದಲ ಕರಡು. ಅಗುಳಿ ಎಳೆದದ್ದೇ ಕೊನೆಯ ಪಾಠ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಎಂಬ ವ್ಯವಸ್ಥೆ ಊರಿನ ಸಮಯವನ್ನಷ್ಟೇ ಬರೆದುಕೊಳ್ಳುತ್ತದೆ, ಯಾವ ಊರು ಎಂದು ಬರೆಯುವುದಿಲ್ಲ. ಕಡತದ ಒಳಗೆ ಅಡಗಿರುವ ಸಮಯವಾದರೂ ಬಂದದ್ದು ಅದೇ ಗಡಿಯಾರದಿಂದ. ಎರಡು ಕರಡುಗಳ ನಡುವಿನ ಅಂತರ 2 ಗಂಟೆ 50 ನಿಮಿಷ, ನಮ್ಮ ಅನುಮಾನದ ಅಗಲ 5 ಗಂಟೆ 30 ನಿಮಿಷ. ಅನುಮಾನ ಅಂತರಕ್ಕಿಂತ ದೊಡ್ಡದಾದರೆ ಹಿಂದುಮುಂದು ಹೇಳಲು ಬರುವುದಿಲ್ಲ. ಎರಡನ್ನೂ ಸಮಾನ ಪಾಠಗಳಾಗಿ ಮುದ್ರಿಸಿ ಎಂದು ನಾನು ಸಂಪಾದಕರಿಗೆ ಹೇಳಿದ್ದೇನೆ. ಅವರಿಗೆ ಒಂದು ಬೇಕು. ಒಂದು ಯಾವುದು ಎಂದು ಆ ಕಥೆಗಾರರಿಗೆ ಖಂಡಿತ ಗೊತ್ತಿತ್ತು.

ಓಲೆಗರಿಯ ಕಾಲದಲ್ಲಿ ಇಂಥದಕ್ಕೆ ಅಕ್ಷರದ ಆಕಾರ ಇತ್ತು, ಗರಿಯ ಹಳತನ ಇತ್ತು, ಪ್ರತಿಕಾರ ಕೊನೆಯಲ್ಲಿ ತನ್ನ ಹೆಸರು ತಿಥಿ ಬರೆಯುತ್ತಿದ್ದ. ಕಾಗದದ ಕಾಲದಲ್ಲಿ ಮಸಿಯ ಬಣ್ಣ, ಹೊಡೆದುಹಾಕಿದ ಗೆರೆ. ಈಗಿನ ಕಡತಕ್ಕೆ (ನಮ್ಮ ಹಳೆಯ ಕರಿಬಟ್ಟೆಯ ಪುಸ್ತಕದ ಹೆಸರೇ ಇದಕ್ಕೂ ಬಂದಿರುವುದು ನನಗೆ ಇಷ್ಟ) ಆ ಗುರುತುಗಳಿಲ್ಲ. ಹೊರಗಿನ ಸಾಕ್ಷಿ ಎಂದು ಇರುವುದರಲ್ಲಿ ಮುಖ್ಯವಾದದ್ದು ಈ ಸಮಯದ ಮುದ್ರೆಯೇ. ಅದನ್ನೂ ನಿರ್ಲಕ್ಷಿಸಿ, ಆಮೇಲೆ ಡಿಜಿಟಲ್ ಹ್ಯುಮ್ಯಾನಿಟೀಸ್ ಎಂಬ ಹೆಸರಿನಲ್ಲಿ ವಿಚಾರಸಂಕಿರಣ ನಡೆಸುತ್ತೇವೆ.

ಹಸ್ತಪ್ರತಿಗಳ ಫೋಟೊ ತೆಗೆಯುವ ವಿದ್ಯಾರ್ಥಿಗಳಿಗೂ ಇದು ಸಂಬಂಧಿಸಿದ್ದು. ಡಿಜಿಟಲ್ ಚಿತ್ರದೊಳಗೆ ಸಮಯ ಬರೆದಿಡುವ ಎಕ್ಸಿಫ್ ಎಂಬ ಪದ್ಧತಿಯಲ್ಲಿ ಕಾಲವಲಯಕ್ಕೆ ಜಾಗ ಸಿಕ್ಕಿದ್ದು 2016ರಲ್ಲಿ, 2.31ನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಚಿತ್ರಗಳಲ್ಲಿ ಮತ್ತೆ ಅದೇ, ಊರಿಲ್ಲದ ಅಂಕಿ.

ಇನ್ನು ನನ್ನದೇ ವಿಭಾಗದಿಂದ ಬರುವ ಆಕ್ಷೇಪ. ಇದು ಸ್ವಲ್ಪ ಗಂಭೀರವಾದದ್ದು. ನನ್ನ ಯಂತ್ರದ ಹೊಟ್ಟೆಯೊಳಗೆ ಗ್ರೀನಿಚ್ಚಿನ ಸಮಯ ಯಾಕೆ ಇರಬೇಕು, ಇದು ವಸಾಹತು ಕಾಲಪ್ರಜ್ಞೆಯ ಮುಂದುವರಿಕೆಯಲ್ಲವೇ, ನನ್ನ ಊರಿನ ಸಮಯ ಇಟ್ಟುಕೊಳ್ಳುವುದೇ ಪ್ರತಿರೋಧವಲ್ಲವೇ? ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ಊರಿನ ಸಮಯ ಎಂದರೆ ಯಾವುದು? ಭಾರತೀಯ ಕಾಲಮಾನದ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಅದನ್ನು 1906ರ ಜನವರಿ 1ರಿಂದ ಜಾರಿಗೆ ತಂದದ್ದು ಬ್ರಿಟಿಷ್ ಸರ್ಕಾರವೇ. ಕಾರವಾರದಲ್ಲಿ ಸೂರ್ಯ ನೆತ್ತಿಗೆ ಬರುವುದು ಆ ಲೆಕ್ಕಕ್ಕಿಂತ ಸುಮಾರು 33 ನಿಮಿಷ ತಡ, ಬೆಂಗಳೂರಿನಲ್ಲಿ ಸುಮಾರು 20 ನಿಮಿಷ. ಪ್ರತಿರೋಧ ಮಾಡಿದವರು ಮುಂಬೈಯವರು: 39 ನಿಮಿಷ ಹಿಂದಿದ್ದ ತಮ್ಮ ಬಾಂಬೆ ಟೈಮನ್ನು 1955ರವರೆಗೂ ಅಲ್ಲಲ್ಲಿ ಉಳಿಸಿಕೊಂಡರು. ಕಲ್ಕತ್ತೆಯವರು 1948ರವರೆಗೆ. ನಾವು ಚಿಪ್ಪಿನಲ್ಲಿ ಇಡುವ ‘ಊರಿನ ಸಮಯ’ದಲ್ಲಿ ಊರೂ ಇಲ್ಲ, ಪ್ರತಿರೋಧವೂ ಇಲ್ಲ.

ಮೂಲ ರೇಖೆಯೊಂದಕ್ಕೆ ಲೆಕ್ಕ ಹಾಕಿ, ಆಮೇಲೆ ತನ್ನ ಊರಿಗೆ ತಿದ್ದಿಕೊಳ್ಳುವುದು ಇಂಗ್ಲಿಷರಿಂದ ಬಂದ ಬುದ್ಧಿಯೂ ಅಲ್ಲ. ಸೂರ್ಯಸಿದ್ಧಾಂತದಂಥ ಗ್ರಂಥಗಳು ಲಂಕೆಯಿಂದ ಉಜ್ಜಯಿನಿಯ ಮೇಲೆ ಹಾದುಹೋಗುವ ಒಂದು ರೇಖೆಗೆ ಗ್ರಹಗತಿಯ ಲೆಕ್ಕ ಕೊಡುತ್ತವೆ. ಬೇರೆ ಊರಿನ ಜೋಯಿಸರು ಅದಕ್ಕೆ ದೇಶಾಂತರ ಸಂಸ್ಕಾರ ಮಾಡಿಕೊಳ್ಳಬೇಕು. ಮೂಲದ ಲೆಕ್ಕವನ್ನೇ ತಿದ್ದಿ ತನ್ನ ಊರಿನದು ತುಂಬಿಸಿಬಿಟ್ಟರೆ ಪಕ್ಕದ ಊರಿನವನಿಗೆ ಆ ಗ್ರಂಥ ಕೆಲಸಕ್ಕೆ ಬಾರದು ಎಂಬ ಅರಿವು ಅವರಿಗಿತ್ತು. ಚಿಪ್ಪಿನಲ್ಲಿ ಯುಟಿಸಿ, ಪಟ್ಟಿಯಲ್ಲಿ ಊರು: ಇದು ದೇಶಾಂತರ ಸಂಸ್ಕಾರವೇ. ರೇಖೆ ಉಜ್ಜಯಿನಿಯಿಂದ ಗ್ರೀನಿಚ್ಚಿಗೆ ಸರಿದದ್ದರಲ್ಲಿ ರಾಜಕೀಯ ಇದೆ, ಅದರ ಬಗ್ಗೆ ಬೇರೆ ಪ್ರಬಂಧ ಬರೆಯೋಣ. ಅಂದಹಾಗೆ ಯುಟಿಸಿಯ ಮಧ್ಯರಾತ್ರಿ ನಮಗೆ ಬೆಳಗಿನ ಐದೂವರೆ. ನಸುಕಿನ 2 ಗಂಟೆಗೆ ಮುಗಿಸಿದ ಕವಿತೆ ಮೊಬೈಲಿನ ಪ್ರಕಾರ ಮಂಗಳವಾರದ್ದು. ಯುಟಿಸಿಯ ಪ್ರಕಾರ ಇನ್ನೂ ಸೋಮವಾರ. ಸೂರ್ಯೋದಯದಿಂದ ದಿನ ಎಣಿಸುವ ಪಂಚಾಂಗದ ಪ್ರಕಾರವೂ ಸೋಮವಾರವೇ.

ಪಟ್ಟಿಯಲ್ಲಿ ಬೆಂಗಳೂರು ಯಾಕಿಲ್ಲ ಎಂದು ಸಿಟ್ಟಾಗುವವರನ್ನೂ ನೋಡಿದ್ದೇನೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಗುರಿ ಮಾತ್ರ ತಪ್ಪು. ಲಿನಕ್ಸ್ ಬಳಸುವ ಕಾಲವಲಯ ಸಂಗ್ರಹವನ್ನು ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರುಮಾಡಿದರು, ನಂತರ ಪಾಲ್ ಎಗರ್ಟ್ ನೋಡಿಕೊಳ್ಳುತ್ತಿದ್ದಾರೆ. 1970ರಿಂದ ಈಚೆಗೆ ಒಂದೇ ಸಮಯ ಪಾಲಿಸಿದ ಪ್ರದೇಶಕ್ಕೆ ಒಂದು ಹೆಸರು, ಅದು ಅಲ್ಲಿನ ದೊಡ್ಡ ಊರಿನದು ಎನ್ನುವುದು ಅವರ ಸಾಮಾನ್ಯ ನಿಯಮ. ಆ ಹೆಸರಿನಡಿ ಇರುವುದು ಸಣ್ಣ ಇತಿಹಾಸ. ‘ಏಷ್ಯಾ/ಕೋಲ್ಕತಾ’ ತೆರೆದು ನೋಡಿದರೆ 1870ರಿಂದ 1905ರ ಕೊನೆಯವರೆಗೆ ಸಿಗುವುದು ಮದರಾಸಿನ ಸಮಯ, 5 ಗಂಟೆ 21 ನಿಮಿಷ 10 ಸೆಕೆಂಡು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ದೇಶದ ಗಡಿಯಾರ ಒಂದು ಗಂಟೆ ಮುಂದೆ ಹೋಗಿ 1945ರ ಅಕ್ಟೋಬರಿನಲ್ಲಿ ಹಿಂದೆ ಬಂದದ್ದೂ ಅಲ್ಲಿದೆ. ಇತಿಹಾಸ ಎಂದೆ, ಆದ್ದರಿಂದಲೇ ‘ಎಲ್ಲ ಐದೂವರೆಯೂ ಒಂದೇ’ ಎಂದು ಪಕ್ಕದ ಊರನ್ನು ಆರಿಸುವುದೂ ತಪ್ಪು. ಕೊಲಂಬೊ ಆರಿಸಿ ನೋಡಿ, ಈಗಿನ ಸಮಯ ಸರಿಯಾಗೇ ತೋರಿಸುತ್ತದೆ. ಆದರೆ ಶ್ರೀಲಂಕಾ 1996ರಲ್ಲಿ ಗಡಿಯಾರ ಮುಂದಿಟ್ಟು 2006ರ ಏಪ್ರಿಲ್‌ವರೆಗೆ ಹಾಗೇ ನಡೆಸಿತು. 2000ದಲ್ಲಿ ಧಾರವಾಡದಲ್ಲಿ ಬರೆದ ಕಡತ ಅರ್ಧ ಗಂಟೆ ಮುಂದೆ ಕಾಣುತ್ತದೆ.

ಮಾಡಬೇಕಾದ್ದು ಹೆಚ್ಚೇನಿಲ್ಲ. ಲಿನಕ್ಸ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಎಂದು ಕೊಟ್ಟರೆ ಕೊನೆಯ ಸಾಲಿನಲ್ಲಿ ‘ಆರ್‌ಟಿಸಿ ಇನ್ ಲೋಕಲ್ ಟಿಝಡ್’ ಎಂದಿರುತ್ತದೆ, ಮುಂದೆ ‘ನೋ’ ಇರಬೇಕು. ವಿಂಡೋಸ್‌ಗೂ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ಒಂದು ಗುಂಡಿ ಇದೆ. ಅದಕ್ಕೆ 1 ಕೊಟ್ಟರೆ ಅದೂ ಚಿಪ್ಪನ್ನು ಯುಟಿಸಿ ಎಂದೇ ಓದುತ್ತದೆ. ರಿಜಿಸ್ಟ್ರಿ ಮುಟ್ಟಲು ಭಯವಾದರೆ ಗೊತ್ತಿರುವವರನ್ನು ಕೂರಿಸಿಕೊಂಡು ಮಾಡಿ. ಸಮಯ ತಪ್ಪಾಗಿ ಕಂಡಾಗ ಕೈ ಹಾಕಿ ಮುಳ್ಳು ತಿರುಗಿಸುವ ಮುಂಚೆ ಎಷ್ಟು ತಪ್ಪಿದೆ ಎಂದು ನೋಡಿ: ಸರಿಯಾಗಿ ಐದೂವರೆ ಗಂಟೆಯಾದರೆ ಗಡಿಯಾರ ಕೆಟ್ಟಿಲ್ಲ, ಓದುವ ರೂಢಿ ತಪ್ಪಿದೆ. ಪ್ರತಿಸಲ ವರ್ಷಗಟ್ಟಲೆ ಹಿಂದೆ ಹೋಗುತ್ತಿದ್ದರೆ ಸೆಲ್ ಮುಗಿದಿದೆ, ಹೊಸದು ಹಾಕಿ. ಹಿರಿಯ ಲೇಖಕರ ಹಳೆಯ ಕಂಪ್ಯೂಟರ್ ಕೈಗೆ ಬಂದರೆ ಅದನ್ನು ಚಾಲೂ ಮಾಡುವ ಮೊದಲು, ಅದರಲ್ಲಿ ಯಾವ್ಯಾವ ವ್ಯವಸ್ಥೆ ಇದ್ದವು, ಯಾರು ಹಾಕಿದರು, ಇಂಟರ್ನೆಟ್ ಇತ್ತೇ ಎಂದು ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಕೇಳಿದರೆ ಅವರಿಗೂ ಮರೆತಿರುತ್ತದೆ.

ನಾನು ಕೆಲಸ ಮಾಡುವಲ್ಲಿ ಸ್ಕ್ಯಾನ್ ಮಾಡಿದ ಪ್ರತಿಯೊಂದು ಕಟ್ಟಿಗೂ ಒಂದು ನಮೂನೆ ತುಂಬಬೇಕು. ಗರಿಗಳ ಸಂಖ್ಯೆ, ಅಳತೆ, ಸ್ಕ್ಯಾನ್ ಮಾಡಿದವರ ಹೆಸರು, ದಿನಾಂಕ, ವೇಳೆ. ಕಾಲಮಾನಕ್ಕೆ ಒಂದು ಕಾಲಂ ಸೇರಿಸಿ ಎಂದು ಎರಡು ಸಲ ಬರೆದುಕೊಟ್ಟೆ. ನಮೂನೆ ಆಗಲೇ ಅಚ್ಚಾಗಿದೆ, ಮುಂದಿನ ಸಲ ನೋಡೋಣ ಎಂದರು. ಸದ್ಯಕ್ಕೆ ವೇಳೆಯ ಪಕ್ಕದ ಅಂಚಿನಲ್ಲಿ ಪೆನ್ನಿನಿಂದ +5:30 ಎಂದು ಬರೆಯುತ್ತಿದ್ದೇನೆ.